ಸೋಸಿದ ನೀರು, ಸೋಸದ ಭಾವ

ನನ್ನ ಮೆಕ್ಕೆಜೋಳದ ಹೊಲದ ತಗ್ಗಿನಲ್ಲಿ, ಮೂರು ಜೌಗುಗುಂಡಿಗಳ ಮೊಣಕಾಲುದ್ದ ನೀರಿನಲ್ಲಿ ನಿಂತೇ ಸೇವೆ ಸಲ್ಲಿಸುತ್ತಿರುವ ಸಮಸ್ತ ಜೊಂಡುಹುಲ್ಲಿನವರಿಗೆ, ಅದೇ ಹೊಲದ ಒಡೆಯನು ಬೂಟು ಕಳಚಿ, ದಂಡೆಯ ಮೇಲೆ ನಿಂತು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಬರುವ ಮುನ್ನ ಇಲ್ಲಿನ ವ್ಯವಸ್ಥೆ ಬಲು ಸರಳವಾಗಿತ್ತು. ನಾನು ಹೊಲಕ್ಕೆ ಯೂರಿಯಾ ಎರಚುತ್ತಿದ್ದೆ, ಮಳೆ ಅದನ್ನು ತೊಳೆದು ಕೆಳಗಿರುವ ಭಾವನ ಮೀನಿನ ಕೊಳಕ್ಕೆ ಒಯ್ಯುತ್ತಿತ್ತು, ಕೊಳ ಪಾಚಿಗಟ್ಟಿ ಬಾಗಿಲಿಗೆ ಬಳಿಯುವ ಹಸಿರು ಬಣ್ಣದಂತಾಗುತ್ತಿತ್ತು, ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಆರು ವರ್ಷಗಳ ಹಿಂದೆ ಭಾವ ಒಂದು ಬಕೆಟ್ ಸತ್ತ ಮೀನು ತಂದು ನನ್ನ ಹೊಸ್ತಿಲ ಮುಂದೆ ಸುರಿದು, "ಇದೂ ನಿನ್ನ ಬೆಳೆನೇ, ತಗೋ" ಎಂದು ಹೋದವರು ಮತ್ತೆ ಬರಲಿಲ್ಲ. ಅಕ್ಕನೂ ಬರಲಿಲ್ಲ.

ಆಮೇಲೆ ನೀರಿನ ಇಲಾಖೆಯ ಎಂಜಿನಿಯರಮ್ಮ ಬಂದು, ಹೊಲದ ನೀರು ಆಳವಿಲ್ಲದ ಗುಂಡಿಗಳಲ್ಲಿ ನಿಧಾನವಾಗಿ ಸಾಗಿದರೆ ಮಣ್ಣು ತಳದಲ್ಲಿ ಕೂರುತ್ತದೆ, ಕರಗಿದ ಗೊಬ್ಬರವನ್ನು ಜೊಂಡಿನ ಬೇರೂ ಅದಕ್ಕಂಟಿದ ಸೂಕ್ಷ್ಮಜೀವಿಗಳೂ ತಿಂದು ಮುಗಿಸುತ್ತವೆ ಎಂದು ವಿವರಿಸಿದಾಗ, ಅಕ್ಕನ ಮುಖ ನೆನೆದು ಅರ್ಧ ಎಕರೆ ಬಿಟ್ಟುಕೊಟ್ಟವನು ನಾನೇ. ಆದರೆ ತಾವು ಇಷ್ಟು ಶ್ರದ್ಧೆಯಿಂದ ದುಡಿಯುತ್ತೀರೆಂದು ನನ್ನನ್ನು ಯಾರೂ ಎಚ್ಚರಿಸಲಿಲ್ಲ. ಎರಡನೆಯ ಮಳೆಗಾಲದಲ್ಲಿ ಭಾವ ಗಾಜಿನ ಲೋಟ ಹಿಡಿದು ಬಂದು, ಕೊನೆಯ ಗುಂಡಿಯ ಕೊಳವೆಯಿಂದ ನೀರು ತುಂಬಿಸಿಕೊಂಡು, ಬೆಳಕಿಗೆ ಹಿಡಿದು, ಅಲ್ಲಾಡಿಸಿ, ಮೂಸಿ, ಬೈಯಲು ಏನೂ ಸಿಗದೆ, "ಏನೋ ಇದು, ನೀರಿದ್ದ ಹಾಗಿದೆಯಲ್ಲೋ" ಎಂದರು. ಮರುದಿನವೇ ಅಕ್ಕ ಬಂದಳು. ಅಡುಗೆಮನೆಯಲ್ಲಿ ನನ್ನನ್ನು ನಿಲ್ಲಿಸಿಕೊಂಡು, "ನಿನ್ನ ತಲೆ ಯಾವಾಗ ಬೆಳ್ಳಗಾಯ್ತೋ?" ಎಂದು ಕೇಳಿದಳು.

ಅಲ್ಲಿಗೇ ನಿಂತಿದ್ದರೆ ಈ ಪತ್ರ ಬರೆಯುವ ಪ್ರಮೇಯವಿರಲಿಲ್ಲ. ಈಗ ಭಾವ ದಿನಾ ಬೆಳಗ್ಗೆ ಆರಕ್ಕೆ ಬಂದು, ನನ್ನ ಕುರ್ಚಿಯಲ್ಲಿ ಕೂತು, ನನ್ನ ಚಹಾ ಕುಡಿದು, ನನ್ನ ಮೆಕ್ಕೆಜೋಳ ವಾಲಿರುವುದೇಕೆ, ನನ್ನ ಬೂಟು ಸವೆದಿರುವುದೇಕೆ, ನಾನು ಉಸಿರಾಡುವ ರೀತಿಯಲ್ಲಿ ಏನು ತಪ್ಪಿದೆ ಎಂಬುದನ್ನು ಒಂಬತ್ತರವರೆಗೆ ತಿಳಿಸಿಕೊಡುತ್ತಾರೆ. ನಾನು ತುಟಿ ಎರಡು ಮಾಡಿದರೆ ಅಕ್ಕನೂ ನನ್ನ ಹೆಂಡತಿಯೂ ಒಟ್ಟಿಗೆ ಅವರ ಪಕ್ಷ. ಅವರು "ಹೌದೋ ಅಲ್ವೋ?" ಎಂದ ಕೂಡಲೇ ತಮ್ಮ ಆಶ್ರಯದಲ್ಲಿರುವ ಕಪ್ಪೆಗಳೂ ಒಕ್ಕೊರಲಿನಿಂದ ಹೌದೆನ್ನುತ್ತವೆ.

ಆದ್ದರಿಂದ ನೀರಿನಿಂದ ನೈಟ್ರೇಟ್ ಹೀರಬಲ್ಲ ತಾವು, ಭಾವನ ಮಾತಿನಿಂದ ಸಲಹೆಯನ್ನೂ ಹೀರಿಕೊಂಡು, ಉಳಿದದ್ದನ್ನು ತಿಳಿಯಾಗಿ ನನ್ನತ್ತ ಬಿಡಬೇಕೆಂದು ಬಿನ್ನಹ. ಅದಕ್ಕಾಗಿ ಅವರನ್ನೇ ಮೊದಲ ಗುಂಡಿಯಿಂದ ಮೂರನೆಯದಕ್ಕೆ ಏಳು ದಿನ ನಿಧಾನವಾಗಿ ಸಾಗಿಸಬೇಕಾದೀತು ಎಂದರೆ ನನ್ನ ಆಕ್ಷೇಪಣೆಯಿಲ್ಲ, ಊಟ ದಂಡೆಗೇ ಕಳಿಸುತ್ತೇನೆ. ಅದೂ ಆಗದಿದ್ದರೆ ಭಾನುವಾರವೊಂದು ದಿನ ರಜೆ ಹಾಕಿ, ಒಂದು ಚಮಚ ಯೂರಿಯಾವನ್ನು ಕಂಡೂ ಕಾಣದಂತೆ ಕೆಳಗೆ ಬಿಡಿ: ಭಾವ ಒಂದು ವಾರ ಮುನಿಸಿಕೊಳ್ಳುವಷ್ಟು, ಮೀನು ಸಾಯದಷ್ಟು, ಅಕ್ಕ ಬರುವುದು ನಿಲ್ಲದಷ್ಟು.

ತಮ್ಮ ಬೇರುಗಳಿಗೆ ಋಣಿಯೂ ತಮ್ಮ ಯಶಸ್ಸಿನಿಂದ ನೊಂದವನೂ ಆದ
ತಮ್ಮ ವಿಶ್ವಾಸಿ,
ಮೇಲಿನ ಹೊಲದವನು

ವಿ.ಸೂ.: ಮೀನಿನ ಮೇವು, ಹಿಕ್ಕೆ ಬೆರೆತ ಭಾವನ ಕೊಳದ ಕೊಳಕು ನೀರು ಅದಕ್ಕಿಂತ ಕೆಳಗಿನ ತೋಟದ ಬಾವಿಗೆ ಇಳಿಯುತ್ತದೆ, ಅದೇ ಸಿಟ್ಟಿಗೆ ಆ ತೋಟದ ನಿವೃತ್ತ ಮೇಷ್ಟ್ರು ಭಾವನೊಡನೆ ಮಾತು ಬಿಟ್ಟು ಹತ್ತು ವರ್ಷವಾಯಿತು. ತಮ್ಮಲ್ಲಿ ಹೆಚ್ಚಾದ ಸಸಿಗಳನ್ನು ಕಿತ್ತು ನಿನ್ನೆ ಭಾವನ ಕೊಳದ ಕೆಳಗೆ ನೆಟ್ಟು ಬಂದಿದ್ದೇನೆ. ದಯವಿಟ್ಟು ಬೇಗ ಬೇರು ಬಿಡಿ. ಮೇಷ್ಟ್ರು ಬೆಳಗ್ಗೆ ಐದಕ್ಕೇ ಎದ್ದು ಯಾರಿಗಾದರೂ ಪಾಠ ಹೇಳಲು ಕಾಯುತ್ತಿರುತ್ತಾರಂತೆ.