ಮಣ್ಣಿಗೆ ಉಪ್ಪು ನೋಡುವ ಭಾವ

ನಮ್ಮ ಭಾವ ಮಣ್ಣು ತಿನ್ನುತ್ತಾರೆ. ನಗಬೇಡಿ, ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದೇನೆ! ಬಾಯಿ ತೆರೆದು ಬ್ರಹ್ಮಾಂಡ ತೋರಿಸುವ ವಯಸ್ಸೂ ಅವರದಲ್ಲ. ತೆರೆದರೆ ಕಾಣಿಸುವುದು ಹಲ್ಲಿನ ಸೆಟ್ಟು ಮಾತ್ರ. ತಿನ್ನುತ್ತಾರೆ ಎಂದರೆ ಬಟ್ಟಲಿಗೆ ಹಾಕಿಕೊಂಡು ಉಣ್ಣುತ್ತಾರೆ ಅಂತಲ್ಲ. ಒಂದು ಚಿಟಿಕೆ ತೆಗೆದು ನಾಲಿಗೆಯ ತುದಿಗಿಟ್ಟು, ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿ, ಥೂ ಎಂದು ಉಗಿದು, "ಉಪ್ಪ್ ಒಂಚೂರ್ ಜಾಸ್ತಿ ಆಯ್ತ್" ಎಂದು ತೀರ್ಪು ಕೊಡುತ್ತಾರೆ. ಮುಂಬೈಯ ಕ್ಯಾಂಟೀನಿನಲ್ಲಿ ಆಯುಷ್ಯದ ಮುಕ್ಕಾಲು ಪಾಲು ಸಾಂಬಾರಿಗೆ ಉಪ್ಪು ನೋಡಿದ ನಾಲಿಗೆ ಅದು. ಊರಿಗೆ ಬಂದು ಕೂತ ಮೇಲೆ ಅದಕ್ಕೂ ಒಂದು ಕೆಲಸ ಬೇಡವೇ?

ಊರು ಎಂದರೆ ಬೀಜಾಡಿ. ಅಕ್ಕ-ಭಾವನ ಮನೆಯ ಹಿಂದೆ ತೆಂಗು, ತೆಂಗಿನ ಹಿಂದೆ ಕಡಲು. ಹಿತ್ತಿಲು ಅಂತ ಹೆಸರಿಗೆ ಇದೆ, ಇರುವುದೆಲ್ಲ ಹೊಯ್ಗೆ, ಬರೀ ಮರಳು. ಒಂದು ಕೊಡ ನೀರು ಹೊಯ್ದರೆ, ಹೊಯ್ದದ್ದು ಹೌದೋ ಅಲ್ಲವೋ ಅಂತ ನಮಗೇ ಅನುಮಾನ ಬರುವಷ್ಟು ಬೇಗ ಇಂಗಿ ಹೋಗುತ್ತದೆ. ಇಂಥ ಹೊಯ್ಗೆಯನ್ನು ಮಣ್ಣು ಮಾಡಿಯೇ ಸಿದ್ಧ ಎಂದು ಭಾವ ಹೊರಟದ್ದು. ಹೊರಟವರು ತಮ್ಮ ಹಿತ್ತಿಲಲ್ಲೇ ಇದ್ದಿದ್ದರೆ ನಮಗೇನೂ ತೊಂದರೆಯಿರಲಿಲ್ಲ!

ನನ್ನ ಮಗಳಿಗೆ ಬ್ರಹ್ಮಾವರದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಮನೆ ನೋಡಲು ಹಿರಿಯರು ಅಂತ ಭಾವನನ್ನೂ ಕರೆದುಕೊಂಡು ಹೋದೆವು. ಎಲ್ಲರೂ ಒಳಗೆ ಅವಲಕ್ಕಿ ತಿನ್ನುತ್ತ ಹುಡುಗನ ಕೆಲಸದ ಬಗ್ಗೆ ವಿಚಾರಿಸುತ್ತಿದ್ದರೆ ಭಾವ ನಾಪತ್ತೆ. ಹುಡುಕಿದರೆ, ಬಚ್ಚಲಿನ ಹಿಂದೆ ಬಾಳೆಯ ಬುಡದಲ್ಲಿ ಪಂಚೆ ಎತ್ತಿ ಕಟ್ಟಿ, ಕುಕ್ಕರಗಾಲಲ್ಲಿ ಕೂತು, ಕೋಲಿನಿಂದ ನೆಲ ಕೆದಕುತ್ತಿದ್ದಾರೆ! ಹುಡುಗನ ತಂದೆ ಗಾಬರಿಯಿಂದ ಓಡಿ ಬಂದರು.

"ಎಂತ ಬಿದ್ ಹೋಯ್ತ್ ಮರ್ರೆ? ಉಂಗ್ರವಾ?"

"ಎಂತದೂ ಬೀಳ್ಲಿಲ್ಲ. ಎರೆಹುಳ ಇತ್ತಾ ಕಾಂತಿದ್ದೆ."

ನನಗೆ ಅಲ್ಲೇ ಬಾವಿ ಕಂಡಿದ್ದರೆ ಹಾರುತ್ತಿದ್ದೆ. ಭಾವ ಕೈ ತೊಳೆದು ಒಳಗೆ ಬಂದು, ಎಲ್ಲರೆದುರು ಗಂಭೀರವಾಗಿ ಘೋಷಿಸಿದರು: "ಮಣ್ಣಗೆ ಜೀವ ಇತ್ತ್. ಮಣ್ಣನ್ನ್ ಚಂದ ಕಂಡ್ಕಂಬರ್ ಸೊಸೀನೂ ಚಂದ ಕಂಡ್ಕಂತ್ರ್. ಹೆಣ್ ಕೊಡ್ಲಕ್ಕ್." ಕೊಟ್ಟೆವು. ಮಗಳು ಸುಖವಾಗಿದ್ದಾಳೆ, ಅದು ಬೇರೆ ಮಾತು. ಆದರೆ ಇವತ್ತಿಗೂ ಆ ಮನೆಯವರು ಫೋನು ಮಾಡಿದಾಗೆಲ್ಲ "ಎರೆಹುಳದ ಭಾವ ಹೇಗಿದ್ದಾರೆ?" ಅಂತ ಮೊದಲು ಕೇಳುತ್ತಾರೆ, ನನ್ನನ್ನು ಆಮೇಲೆ.

ಇಷ್ಟೆಲ್ಲ ಸರ್ಕಸ್ಸು ಯಾಕೆ ಅಂತೀರಿ? ಒಂದೇ ಒಂದು ಮಲ್ಲಿಗೆ ಗಿಡಕ್ಕೆ!

ಹಾಲಾಡಿಯಲ್ಲಿದ್ದ ನಮ್ಮ ತವರುಮನೆಯ ಎದುರು, ರಸ್ತೆಗೆ ತಾಗಿಕೊಂಡು ಅಮ್ಮ ನೆಟ್ಟ ಮಲ್ಲಿಗೆಯಿತ್ತು. ಅಕ್ಕ ಮದುವೆಯಾಗಿ ಬೀಜಾಡಿಗೆ ಹೋಗುವಾಗ ಅದರದ್ದೊಂದು ಕಡ್ಡಿ ತೆಗೆದುಕೊಂಡು ಹೋಗಿದ್ದಳು. ಸತ್ತಿತು. ಮತ್ತೊಂದು ಒಯ್ದಳು, ಅದೂ ಸತ್ತಿತು. ತವರಿಗೆ ಬಂದಾಗಲೆಲ್ಲ ಒಂದು ಕಡ್ಡಿ ಒಯ್ಯುವುದು, ಅದನ್ನು ಬೀಜಾಡಿಯ ಹೊಯ್ಗೆ ಒಣಗಿಸುವುದು, ಹೀಗೇ ನಡೆದಿತ್ತು. ಅಮ್ಮ ಇರುವ ತನಕ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. "ಹ್ವಾರೆ ಹ್ವಾಯ್ಲಿ, ಇನ್ನೊಂದ್ ಕೊಡ್ತೆ" ಎನ್ನುತ್ತಿದ್ದಳು ಅಮ್ಮ. ಆಮೇಲೆ ಅಮ್ಮ ಹೋದಳು. ರಸ್ತೆ ಅಗಲವಾಗುತ್ತದೆ ಅಂತ ಸುದ್ದಿ ಬಂತು. ಮಲ್ಲಿಗೆಯನ್ನು ಯಂತ್ರ ಕಿತ್ತು ಹಾಕುವ ಮೊದಲು ಅಕ್ಕ ಹೋಗಿ ಒಂದು ಕಟ್ಟು ಕಡ್ಡಿ ಕೊಯ್ದು ತಂದಳು. ಭಾವ ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಊರಿಟ್ಟರು. ಒಂದೊಂದಾಗಿ ಎಲ್ಲ ಕಂದು ಬಣ್ಣಕ್ಕೆ ತಿರುಗಿ, ಚಿಗುರಿದ್ದು ಒಂದೇ ಒಂದು.

"ಹ್ವಾಯ್, ಕೇಣ್ತಾ? ಇದೂ ಸತ್ರೆ ಇನ್ನೊಂದ್ ಕೊಡುಕೆ ಅಬ್ಬಿ ಇಲ್ಲೆ" ಎಂದಳು ಅಕ್ಕ. ಅಮ್ಮನನ್ನು ನಾವು ಅಬ್ಬಿ ಅಂತಲೇ ಕರೆಯುತ್ತಿದ್ದದ್ದು.

"ಮಣ್ಣ್ ಸರಿಯಾಪು ತನ್ಕ ಇದನ್ನ್ ನೆಲಕ್ಕ್ ಇಳ್ಸುದಿಲ್ಲ" ಎಂದರು ಭಾವ. ಅಲ್ಲಿಂದ ಶುರುವಾಯಿತು ನೋಡಿ!

ಯಾವುದೋ ಕೆರೆಯ ಹೂಳು ಟೆಂಪೋದಲ್ಲಿ ಬಂತು. ಹಟ್ಟಿಗೊಬ್ಬರ ಬಂತು, ತರಗೆಲೆ ಬಂತು, ಸುಡುಮಣ್ಣು ಮಾಡಿದ ಹೊಗೆಯಲ್ಲಿ ಅಕ್ಕನ ಒಗೆದ ಸೀರೆಗಳೆಲ್ಲ ಇನ್ನೊಮ್ಮೆ ಒಗೆತಕ್ಕೆ ಬಂದವು. ಒಣಗಿದ ಬೂತಾಯಿ ಮೀನು ತಂದು ತೆಂಗಿನ ಬುಡಕ್ಕೆ ಹಾಕಿದ ದಿನ ಊರಿನ ನಾಯಿಗಳೆಲ್ಲ ಭಾವನ ಹಿತ್ತಿಲಲ್ಲೇ ಸಭೆ ಸೇರಿದ್ದವು. ಇಷ್ಟೂ ಸಾಲದೆಂದು ಸೆಗಣಿ, ಗಂಜಲದ ಜೊತೆಗೆ ಬೆಲ್ಲ ಮತ್ತು ಕಡಲೆಹಿಟ್ಟು ಸೇರಿಸಿ ಡ್ರಮ್ಮಿನಲ್ಲಿ ಕೊಳೆಸುವ ಒಂದು ಪಾಕ. ನಾನು ತೆಕ್ಕಟ್ಟೆಯ ನಮ್ಮ ಮನೆಯಿಂದ ಬಸ್ಸು ಹಿಡಿದು ಹೋಗಿ, "ಒಂದ್ ನೀರುಳ್ಳಿ ಬಜೆ ಆರೂ ಮಾಡೆ ಅಕ್ಕ" ಎಂದರೆ, ಅಕ್ಕ ಖಾಲಿ ಡಬ್ಬಿ ತೋರಿಸಿ, "ಕಡ್ಲಿಹಿಟ್ ಪೂರಾ ಮಣ್ಣ್ ಉಂಡ್ಕಂಡ್ ಹೋಯ್ತ್ ಹೆಣೆ" ಎನ್ನುತ್ತಿದ್ದಳು. ಚಾಕ್ಕೂ ಬೆಲ್ಲವಿಲ್ಲ! ಆ ಮನೆಯಲ್ಲಿ ನೆಂಟರಿಗಿಂತ ನೆಲಕ್ಕೇ ಉಪಚಾರ ಜಾಸ್ತಿ.

ಇಷ್ಟು ಉಂಡ ಮಣ್ಣಿಗೆ ಮೈ ಹತ್ತಿತೋ ಇಲ್ಲವೋ ತಿಳಿಯಬೇಡವೇ? ಯಾವುದೋ ಕೃಷಿ ತರಬೇತಿಯಲ್ಲಿ ಭಾವ ಒಂದು ಉಪಾಯ ಕಲಿತು ಬಂದರು. ಹತ್ತಿಯ ಬಟ್ಟೆಯೊಂದನ್ನು ಹೂತಿಟ್ಟು ಎರಡು ತಿಂಗಳು ಬಿಟ್ಟು ತೆಗೆಯಬೇಕು. ಮಣ್ಣಿನಲ್ಲಿ ಜೀವಾಣುಗಳಿದ್ದರೆ ಬಟ್ಟೆಯನ್ನು ತಿಂದು ಮುಗಿಸಿರುತ್ತವೆ, ಇಲ್ಲದಿದ್ದರೆ ಬಟ್ಟೆ ಇದ್ದ ಹಾಗೇ ಇರುತ್ತದೆ. ಭಾವನಿಗೆ ಸಿಕ್ಕಿದ ಹತ್ತಿ ಬಟ್ಟೆ ಯಾವುದು ಗೊತ್ತೇ? ಸ್ವಂತ ಚಡ್ಡಿಗಳು! ಬಾವಿಕಟ್ಟೆಯ ಹತ್ತಿರ ಒಂದು, ತೆಂಗಿನ ಬುಡದಲ್ಲಿ ಒಂದು. ಹೋಲಿಸಿ ನೋಡಲು ಬೇರೆಯವರ ಮಣ್ಣೂ ಬೇಕಲ್ಲ? ಪಕ್ಕದ ಮನೆಯ ಗಿರಿಜಕ್ಕ ಮೀನು ಮಾರಲು ಹೋಗಿದ್ದ ಹೊತ್ತು ನೋಡಿ, ಬೇಲಿ ದಾಟಿ, ಅವಳ ಹಿತ್ತಿಲಲ್ಲೂ ಒಂದನ್ನು ಹೂತು ಬಂದರು. ಅವತ್ತು ಅಮಾವಾಸ್ಯೆ ಎನ್ನುವುದು ಅವರಿಗೆ ಗೊತ್ತಿರಲಿಲ್ಲವಂತೆ!

ಎರಡು ತಿಂಗಳಾಗುವ ಹೊತ್ತಿಗೆ ಗಿರಿಜಕ್ಕ ಕೆಸು ನೆಡಲು ಅಗೆದಳು. ಹಾರೆಗೆ ಸಿಕ್ಕಿ ಮೇಲೆ ಬಂದದ್ದು ಕೊಳೆತ ಬಟ್ಟೆಯ ಚಿಂದಿ. ಆ ದಿನಗಳಲ್ಲೇ ಅವಳ ಮಗನ ದೋಣಿ ಹೋದ ಹಾಗೆಯೇ ಖಾಲಿ ಬರುತ್ತಿತ್ತು. ಇನ್ನು ಕೇಳಬೇಕೇ?

"ಅಯ್ಯೋ ದೇವ್ರೇ! ನನ್ನ್ ಮನಿಗ್ ಯಾರೋ ಮಾಟ ಮಾಡಿರ್!"

ನಾನು ಆ ದಿನ ಅಲ್ಲೇ ಇದ್ದೆ. ಕೇರಿಯೇ ಬಂದು ಸೇರಿತು. "ಕೈಯಗೆ ಮುಟ್ಬೇಡಿ" ಎಂದರು ಒಬ್ಬರು. "ಜೋಯ್ಸ್ರನ್ನ್ ಕರ್ಸಿ ಪ್ರಶ್ನಿ ಇಡ್ಸುವ" ಎಂದರು ಇನ್ನೊಬ್ಬರು. ಯಾರೋ ಲಿಂಬೆಹಣ್ಣು ತರಲು ಓಡಿದರು. ಅಷ್ಟರಲ್ಲಿ ಭಾವ ಬೇಲಿ ಹಾರಿ ಬಂದು, ಆ ಚಿಂದಿಯನ್ನು ಬರಿಗೈಯಲ್ಲೇ ಎತ್ತಿ, ಬಿಸಿಲಿಗೆ ಹಿಡಿದು ಕುಣಿದೇಬಿಟ್ಟರು.

"ಅರೆ ವ್ಹಾ! ಪೂರಾ ತಿಂದ್ ಹಾಕಿತ್ತ್!"

ಜನ ನಾಲ್ಕು ಹೆಜ್ಜೆ ಹಿಂದೆ ಸರಿದರು.

"ಎಂತ ತಿಂದದ್ದ್?" ಗಿರಿಜಕ್ಕ ಹಾರೆಯನ್ನು ಎದೆಗೆ ಅವಚಿಕೊಂಡು ಕೇಳಿದಳು.

"ಮಣ್ಣ್! ಕಾಣಿ, ಇಲಾಸ್ಟಿಕ್ ಮಾತ್ರ ಬಿಟ್ಟಿತ್ತ್!"

ಬೇಲಿಯ ಈಚೆಯಿಂದ ಅಕ್ಕ ಹಣೆ ಚಚ್ಚಿಕೊಂಡಳು. "ಮಾಟವೂ ಅಲ್ಲ, ಎಂತದೂ ಅಲ್ಲ. ಅದ್ ಇವ್ರ್ ಚಡ್ಡಿ. ಇಷ್ಟ್ ವರ್ಷ ತೊಳ್ದದ್ದ್ ನಾನ್, ನಂಗ್ ಗುರ್ತ ಸಿಕ್ಕುದಿಲ್ಯಾ?"

ಲಿಂಬೆಹಣ್ಣು ತಂದವನು ಅದನ್ನು ಕಿಸೆಗೆ ಹಾಕಿಕೊಂಡು ನಗುತ್ತ ಹೋದ. ಉಳಿದವರೂ ಹೊಟ್ಟೆ ಹಿಡಿದುಕೊಂಡು ಚದುರಿದರು. ಗಿರಿಜಕ್ಕ ಮಾತ್ರ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ನಿಮ್ಮ್ ಚಡ್ಡಿ ಹುಗುಕೆ ನನ್ನ್ ಹಿತ್ಲೇ ಆಯ್ಕಾ?"

ಭಾವನಿಗೆ ಅದೆಲ್ಲ ಕಿವಿಗೆ ಬಿದ್ದರೆ ತಾನೆ! ಓಡಿ ಹೋಗಿ ತಮ್ಮ ಹಿತ್ತಿಲಲ್ಲಿ ಹೂತದ್ದನ್ನು ಅಗೆದರು. ಎರಡೂ ಗಟ್ಟಿಮುಟ್ಟಾಗಿ ಹೊರಬಂದವು. ತೊಳೆದರೆ ನಾಳೆಯೇ ತೊಡಬಹುದು! ಇಷ್ಟು ಹೂಳು, ಇಷ್ಟು ಬೆಲ್ಲ, ನನ್ನ ಪಾಲಿನ ಅಷ್ಟೂ ಬಜೆ ನುಂಗಿದ ನೆಲ ಒಂದು ಎಳೆಯನ್ನೂ ಮುಟ್ಟಿರಲಿಲ್ಲ. ಗಿರಿಜಕ್ಕನ ಮನೆಯವರು ತಲೆತಲಾಂತರದಿಂದ ಮೀನು ತೊಳೆದ ನೀರು, ಮೀನಿನ ತಲೆ, ಹುರುಪೆ ಎಲ್ಲವನ್ನೂ ಚೆಲ್ಲುತ್ತ ಬಂದ ಮೂಲೆಯಲ್ಲಿ ಹೂತದ್ದು ಮಾತ್ರ ಚಿಂದಿಯಾಗಿತ್ತು. ಯಾರ ಉಪಚಾರವೂ ಇಲ್ಲದೆ ಆ ಮಣ್ಣು ಕಪ್ಪಗೆ, ಮೆತ್ತಗೆ, ತೇವವಾಗಿತ್ತು. ಭಾವ ಮತ್ತೆ ಬೇಲಿ ದಾಟಿ ಹೋಗಿ ಅದರದೊಂದು ಚಿಟಿಕೆ ತೆಗೆದು ನಾಲಿಗೆಗಿಟ್ಟರು. ಈ ಸಲ ಉಗಿಯಲಿಲ್ಲ, ನುಂಗಿದರು!

ಆಮೇಲೆ ಅವರ ಮುಖ ಸಪ್ಪಗಾಯಿತು. ಕವರಿನಲ್ಲಿದ್ದ ಮಲ್ಲಿಗೆ ತಂದು ಅಕ್ಕನ ಎದುರಿಟ್ಟು ಹೇಳಿದರು: "ಇದ್ ನಮ್ಮ್ ಮಣ್ಣಗೆ ಬದ್ಕುದಿಲ್ಲ. ಗಿರಿಜಕ್ಕನಲ್ಲಿ ಬದ್ಕತ್ತ್."

"ನನ್ನ್ ಅಬ್ಬಿ ಮಲ್ಲಿಗಿ ಕಂಡವ್ರ್ ಹಿತ್ಲಗಾ?" ಅಕ್ಕನ ಕಣ್ಣು ತುಂಬಿತು.

"ನಮ್ಮಲ್ಲಿ ಸಾಯುದ್ ಒಳ್ಳೆದಾ, ಅಲ್ಲಿ ಬದ್ಕುದ್ ಒಳ್ಳೆದಾ? ನೀನೇ ಹೇಳ್."

ಉತ್ತರ ಕೊಟ್ಟದ್ದು ಬೇಲಿಯಾಚೆ ಇನ್ನೂ ಸೊಂಟಕ್ಕೆ ಕೈಯಿಟ್ಟುಕೊಂಡೇ ನಿಂತಿದ್ದ ಗಿರಿಜಕ್ಕ. "ಅಬ್ಬಿ ಮಲ್ಲಿಗಿಯಾ? ಅದನ್ನ್ ಮುಂಚೆ ಹೇಳುಕೆ ಎಂತ ಆಯ್ತ್ ನಿಮ್ಗೆ? ಚಡ್ಡಿ ಹುಗುಕೆ ಬತ್ತ್, ಬಾಯ್ ಬಿಟ್ಟ್ ಕೇಂಬುಕೆ ಬತ್ತಿಲ್ಯಾ? ತನ್ನಿ ಇಲ್ಲಿಗ್!" ಕೆಸುವಿಗೆ ತೋಡಿದ ಗುಂಡಿಯಲ್ಲೇ ಅವಳು ಮಲ್ಲಿಗೆ ನೆಟ್ಟಳು.

ಗಿಡ ಬೇರು ಬಿಟ್ಟಿತು. ಮಳೆಗಾಲ ಕಳೆದು, ಚಳಿ ಕಳೆದು, ಬೇಸಿಗೆ ಬಂತು. ಒಂದು ಬೆಳಿಗ್ಗೆ ಅಕ್ಕನ ಮನೆಯಲ್ಲಿ ಎಲ್ಲರೂ ಚಾ ಕುಡಿಯುತ್ತ ಕೂತಿದ್ದಾಗ ಬೇಲಿಯಾಚೆಯಿಂದ ಗಿರಿಜಕ್ಕನ ಕೂಗು ಕೇಳಿತು.

"ಹ್ವಾಯ್! ಬೇಗ ಬಾ ಹೆಣೆ! ನಿನ್ನ್ ಅಬ್ಬಿ ಬಂದಿರ್!"

ಅಕ್ಕ ಲೋಟ ಅಲ್ಲೇ ಬಿಟ್ಟು ಬರಿಗಾಲಲ್ಲಿ ಓಡಿದಳು. ಗಿಡದಲ್ಲಿ ಅರಳಿದ್ದು ಒಂದೇ ಹೂವು. ಅವಳು ಅದನ್ನು ಕೊಯ್ಯಲಿಲ್ಲ. ಬುಡದಲ್ಲಿ ಕೂತು, ಹೂವಿಗೆ ಮುಖ ತಾಗಿಸಿ, ಸಣ್ಣ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಗಿರಿಜಕ್ಕ ಅವಳ ಬೆನ್ನು ಸವರುತ್ತಿದ್ದಳು. ನಾನು ಬೇಲಿಯ ಈಚೆ ಲೋಟ ಹಿಡಿದುಕೊಂಡು, ಏನೋ ತಮಾಷೆ ನೋಡುವವಳ ಹಾಗೆ ನಿಂತಿದ್ದೆ. ಪಕ್ಕದಲ್ಲಿ ಭಾವ ಹೆಗಲ ಮೇಲಿನ ಬೈರಾಸಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ಕಡೆ ತಿರುಗಿ, ನನ್ನ ಕೈಯಿಂದ ಲೋಟ ತೆಗೆದುಕೊಂಡು, ಮೆಲ್ಲಗೆ ಹೇಳಿದರು:

"ನೀ ಎಂತ ಇಲ್ಲೇ ನಿಂತದ್ದ್? ನಿಂಗೂ ಅಬ್ಬಿ ಅಲ್ದಾ? ಹೋಗ್ ಹೆಣೆ."

ನಾನೂ ಬೇಲಿ ದಾಟಿ ಓಡಿದೆ.