ಮರಳುದಾರಿಯಲ್ಲಿ ಮಾಯವಾದ ಹಂದಿ

ಊರ ರಸ್ತೆಯಿಂದ ಕಡಲ ದಂಡೆಗೆ ಇರುವುದು ಅರ್ಧ ಮೈಲಿ ಮರಳುದಾರಿ. ಅಷ್ಟರಲ್ಲೇ ಫಿಲೆಮೋನನ ಮದುವೆ ಹೂತುಹೋಯಿತು.

ಅವನು ಮೆಚ್ಚಿದ ಹುಡುಗಿ ಲುಡಿವಿನಾ. ಹಡಗಿನಲ್ಲಿ ದುಡಿಯುವ ಅವಳ ಅಪ್ಪ ಹೋದ ವಾರವಷ್ಟೇ ಊರಿಗೆ ಬಂದಿದ್ದ. ಫಿಲೆಮೋನ್ ಅವನ ಮುಖವನ್ನೇ ಕಂಡಿರಲಿಲ್ಲ. ಇವತ್ತು ದಂಡೆಯಲ್ಲಿ ಅವನ ಹುಟ್ಟುಹಬ್ಬದೂಟ. "ಲೆಚೋನ್ ನಾನೇ ತರ್ತೀನಿ. ತಿಂದು ಖುಷಿಯಾದ್ಮೇಲೆ ನಮ್ಮ ಮದುವೆ ಮಾತೆತ್ತು," ಎಂದು ಹುಡುಗಿಗೆ ಜಂಬದಿಂದ ಹೇಳಿದ್ದ. ಲೆಚೋನಿಗೆಂದು ಇಡೀ ಹಂದಿಯನ್ನು ಕೆಂಡದ ಮೇಲೆ ಕೆಂಪಗೆ ಸುಡಿಸಿ, ಬಾಳೆಲೆ ಹೊದಿಸಿ, ಹಳೇ ಜೀಪಿನ ಹಿಂದೆ ಮಲಗಿಸಿಕೊಂಡು ಹೊರಟ.

ತೆಂಗಿನ ತೋಪು ದಾಟುತ್ತಲೇ ಚಕ್ರಗಳು ಮರಳಿನಲ್ಲಿ ಹೂತವು. ಕರೆಯದೆಯೇ ಬೆಸ್ತರ ಕೇರಿ ಬಂದು ಸುತ್ತುವರಿಯಿತು.

"ಟೈರಿನ ಗಾಳಿ ಬಿಡಪ್ಪ," ಎಂದ ಒಬ್ಬ. ಫಿಲೆಮೋನ್ ಬಿಟ್ಟ. "ಅಯ್ಯೋ, ಇಷ್ಟೊಂದು ಬಿಡೋದಾ!" ಎಂದ ಅವನೇ.

"ಹಿಂದಕ್ಕೆ ತಗೋ!" "ಬೇಡ, ಮುಂದಕ್ಕೆ ಒತ್ತು!"

ಎರಡನ್ನೂ ಮಾಡಿದ. ಜೀಪು ಹೆಗ್ಗಣದಂತೆ ಬಿಲ ತೋಡಿತು.

ಕೊನೆಗೆ ಹರಿದ ಬನಿಯನ್ನಿನ ಮುದುಕನೊಬ್ಬ ತೆಂಗಿನ ಗರಿ ಎಳೆದು ತಂದು ಚಕ್ರದಡಿ ತುರುಕಿದ. "ಬಾಯಿ ಸಾಕು, ಭುಜ ಕೊಡ್ರೋ!" ಎಂದು ಗದರಿದ. ಎಲ್ಲರೂ ನೂಕಿದರು. ಜೀಪು ಮೇಲೆದ್ದಿತು.

ಆದರೆ ಯಾರೂ ಕದಲಲಿಲ್ಲ. ಕೈಹಚ್ಚಿದವರಿಗೆ ಅಲ್ಲಿ ಕಾಸು ಕೊಟ್ಟರೆ ಅವಮಾನ, ತಿನ್ನಲು ಕೊಡದಿದ್ದರೆ ಇನ್ನೂ ದೊಡ್ಡ ಅವಮಾನ. ಎಲ್ಲರ ಕಣ್ಣೂ ಬಾಳೆಲೆಯ ಮೇಲಿತ್ತು.

"ಇದು... ಬೇರೆಯವರ ಹುಟ್ಟುಹಬ್ಬದ್ದು," ಎಂದು ಫಿಲೆಮೋನ್ ತೊದಲಿದ.

"ಅವನು ದೊಡ್ಡ ಮನಸ್ಸಿನೋನಾಗಿದ್ರೆ ಬೇಜಾರು ಮಾಡ್ಕೊಳಲ್ಲ. ಚೂರು ಚರ್ಮ ಕೊಡು, ಸಾಕು," ಎಂದ ಮುದುಕ.

ಚರ್ಮ ಹೋಯಿತು. ಪಕ್ಕೆ ಹೋಯಿತು. ತೊಡೆಗಳೂ ಹೋದವು. ಎಲ್ಲರಿಗಿಂತ ಹೆಚ್ಚು ತಿಂದವನು ಮುದುಕನೇ. ಗಾಳಿಯಿಲ್ಲದ ಟೈರಿನಲ್ಲಿ ತೆವಳುತ್ತಾ ಫಿಲೆಮೋನ್ ದಂಡೆ ಮುಟ್ಟಿದಾಗ ಉಳಿದದ್ದು ತಲೆ ಮತ್ತು ಬಾಲ.

ಲುಡಿವಿನಾಳ ಅಮ್ಮ ಬಾಳೆಲೆ ಸರಿಸಿ ಎದೆ ಮೇಲೆ ಕೈಯಿಟ್ಟುಕೊಂಡಳು. "ಮಧ್ಯದ್ದೆಲ್ಲ ಎಲ್ಲಪ್ಪ?"

ಅಷ್ಟರಲ್ಲಿ, ಸೌದೆ ತರುತ್ತೇನೆಂದು ಹೋಗಿದ್ದ ಅವಳ ಗಂಡ ತೋಪಿನ ಕಡೆಯಿಂದ ಬಂದ. ಅದೇ ಹರಿದ ಬನಿಯನ್ನು! ಫಿಲೆಮೋನನಿಗೆ ಹೋದ ಜೀವ ಬಂತು.

"ಮಾವ, ನೀವೇ ಹೇಳಿ—"

"ಏನು ಹೇಳೋದು?" ಮುದುಕ ಗುಡುಗಿದ. "ಹುಟ್ಟುಹಬ್ಬಕ್ಕೆ ತಲೆ, ಬಾಲ ತರೋನಿಗೆ ಮಗಳನ್ನ ಕೊಡ್ಲಾ?"

"ನಿಮಗೇನ್ರೀ ನಷ್ಟ?" ಎಂದಳು ಹೆಂಡತಿ. "ಹಂದಿ ಮುಟ್ಟಬಾರ್ದು ಅಂತ ಡಾಕ್ಟರು ಹೇಳಿಲ್ವಾ? ನಿಮಗೆ ಮೀನಿನ ಗಂಜಿ ಮಾಡಿದ್ದೀನಿ."

ಮುದುಕ ಸಾಧುವಿನಂತೆ ತಲೆಯಾಡಿಸಿದ. ಅವಳು ಅತ್ತ ತಿರುಗಿದ್ದೇ ಫಿಲೆಮೋನನ ಕಿವಿಗೆ ಬಾಯಿಟ್ಟ.

"ಬಾಯಿ ಬಿಟ್ಟೀಯೆ, ಜೋಕೆ! ಮದುವೆ ಮಾತು ಮುಂದಿನ ಹುಟ್ಟುಹಬ್ಬಕ್ಕೆ ಆಡೋಣ. ಇನ್ನೂ ದೊಡ್ಡ ಹಂದಿ ತಗೊಂಡು ಇದೇ ದಾರೀಲಿ ಬಾ, ಅಳಿಯ."