ವಾಲ್ವಣ್ಣ ತೇರ್ಗಡೆಯಾದದ್ದು

ನೀರು ಸರಬರಾಜು ಇಲಾಖೆಯ ನೌಕರರೆಲ್ಲರೂ ಇನ್ನು ಮುಂದೆ ಸಂವಾದಾತ್ಮಕ ವಿಡಿಯೋದ ಮೂಲಕವೇ ಕೆಲಸ ಕಲಿಯತಕ್ಕದ್ದೆಂದು ಸುತ್ತೋಲೆ ಹೊರಟಿತು. ಅದಕ್ಕೂ ಮೊದಲು ಕಲಿತದ್ದನ್ನು, ಮೂರನೇ ಕಲಮಿನ ಪ್ರಕಾರ, ಯಾರೂ ಕಲಿತೇ ಇಲ್ಲವೆಂದು ಭಾವಿಸತಕ್ಕದ್ದು.

ಹೀಗಾಗಿ ಇಪ್ಪತ್ತಾರು ವರ್ಷ ಪೈಪ್ ರಿಪೇರಿ ಮಾಡಿದ್ದ, ಕಚೇರಿಯವರೆಲ್ಲ ವಾಲ್ವಣ್ಣನೆಂದು ಕರೆಯುತ್ತಿದ್ದ ಫಿಟ್ಟರ್, ಒಂದು ಸೋಮವಾರ ಬೆಳಿಗ್ಗೆ ತರಬೇತಿ ಕೊಠಡಿಯಲ್ಲಿ ಕಂಪ್ಯೂಟರ್ ಮುಂದೆ ಕುಳಿತ. ಅವನ ಸ್ಪ್ಯಾನರನ್ನು ತರಬೇತಿ ಅಧಿಕಾರಿ ಮೇಡಂ ಬೀರುವಿನಲ್ಲಿಟ್ಟು ಬೀಗ ಹಾಕಿದರು. ತೇರ್ಗಡೆಯಾದವರಿಗಷ್ಟೇ ವಾಪಸ್ಸು.

ವಿಡಿಯೋದಲ್ಲಿ ನಿರ್ದೇಶಕರು ಹನ್ನೊಂದು ನಿಮಿಷ ಸ್ವಾಗತ ಕೋರಿದರು. ಆಮೇಲೆ ಚಿತ್ರ ನಿಂತು ಪ್ರಶ್ನೆ ಮೂಡಿತು: ಪೈಪ್ ಒಡೆದರೆ ಮೊದಲು ಏನು ಮಾಡುವಿರಿ?

‘ವಾಲ್ವ್ ಮುಚ್ಚುವೆ’ ಎಂಬುದನ್ನು ವಾಲ್ವಣ್ಣ ಒತ್ತಿದ.

“ನಿಮ್ಮ ಪ್ರಯತ್ನಕ್ಕೆ ಅಭಿನಂದನೆಗಳು,” ಎಂದ ವಿಡಿಯೋ ಮತ್ತೆ ಸ್ವಾಗತಕ್ಕೆ ಮರಳಿತು.

ಸರಿಯುತ್ತರ ‘ಒಡೆದಿರುವುದನ್ನು ದೃಢಪಡಿಸಲು ಮೂವರ ಸಮಿತಿ ರಚಿಸುವೆ’ ಎಂಬುದು. ಅದು ವಾಲ್ವಣ್ಣನಿಗೂ ಹೊಳೆದಿತ್ತು. ಬೆರಳು ಮಾತ್ರ ಒಪ್ಪಲಿಲ್ಲ. ಐದನೇ ಸ್ವಾಗತ ನಡೆಯುತ್ತಿದ್ದಾಗ ಹೊರಗಿನ ಕಾರಿಡಾರಿನಲ್ಲಿ ನಿಜವಾದ ಪೈಪೇ ಒಡೆದು, ಬಾಗಿಲ ಸಂದಿಯಿಂದ ನೀರು ಒಳಬಂತು.

“ಮೇಡಂ, ಸ್ಪ್ಯಾನರ್ ಕೊಡಿ. ಎರಡು ನಿಮಿಷದ ಕೆಲಸ.”

“ನಿಮಗೆ ಆ ಕೆಲಸ ಇನ್ನೂ ಬರಲ್ಲ,” ಎಂದರು ಮೇಡಂ, ಕಾಲನ್ನು ಕುರ್ಚಿಯ ಮೇಲೆತ್ತಿಕೊಂಡು. “ಮೊದಲು ಪಾಸಾಗಿ.”

“ನೀರು ಬರ್ತಾ ಇದೆ ಮೇಡಂ!”

“ಪ್ರಶ್ನೆನೂ ಬರ್ತಾ ಇದೆ. ಪರದೆ ನೋಡಿ.”

ಇನ್ನೂ ಐದು ಸ್ವಾಗತ ಮುಗಿಯುವಷ್ಟರಲ್ಲಿ ನೀರು ಮಂಡಿಗೆ ಬಂತು. ಪಿಂಚಣಿ ವಿಭಾಗದಲ್ಲಿ ವರ್ಷಗಟ್ಟಲೆ ಅಲುಗಾಡದಿದ್ದ ಕಡತಗಳು ತಾವಾಗಿಯೇ ಮುಂದಿನ ಮೇಜಿಗೆ ಹೊರಟವು. ವಾಲ್ವಣ್ಣ ಕಣ್ಣು ಮುಚ್ಚಿಕೊಂಡು ‘ಸಮಿತಿ’ ಒತ್ತಿದ. ಪರದೆಯ ಮೇಲೆ ಹೂಮಳೆ ಸುರಿಯಿತು. ಸ್ಪ್ಯಾನರ್ ಕೈಗೆ ಸಿಕ್ಕ ಎರಡೇ ನಿಮಿಷದಲ್ಲಿ ನೀರು ನಿಂತಿತು.

ಮೇಡಂ ವರದಿ ಬರೆದರು: “ತರಬೇತಿಗೆ ಮುನ್ನ ಸದರಿ ನೌಕರನಿಗೆ ಒಂದು ಗಂಟೆಯಾದರೂ ನೀರು ನಿಲ್ಲಿಸಲಾಗಲಿಲ್ಲ. ತರಬೇತಿಯ ನಂತರ ಎರಡು ನಿಮಿಷ ಸಾಕಾಯಿತು.”

ಇಲಾಖೆ ಹಿಗ್ಗಿಹೋಯಿತು. ಈ ಯಶಸ್ಸಿನ ಮೇಲೆಯೇ ಹೊಸ ವಿಡಿಯೋ ತಯಾರಾಯಿತು. ಅದರಲ್ಲಿ ವಾಲ್ವಣ್ಣ ವಾಲ್ವಿನ ಮುಂದೆ ನಿಂತು, “ಇದೇನಪ್ಪಾ ಇದು, ತಿರುಗುತ್ತಾ?” ಎಂದು ತಬ್ಬಿಬ್ಬಾಗಬೇಕಿತ್ತು. ಮೊದಲ ಸಲಕ್ಕೇ ಅಭಿನಯ ಬಹಳ ಸಹಜವಾಗಿ ಬಂತೆಂದು ಎಲ್ಲರೂ ಚಪ್ಪಾಳೆ ತಟ್ಟಿದರು.

ಮನೆಯಲ್ಲಿ ಹೆಂಡತಿ ಅದನ್ನು ಮೊಬೈಲಿನಲ್ಲಿ ಎರಡು ಸಲ ನೋಡಿದಳು.

“ಅಲ್ಲಾರೀ, ಇಷ್ಟು ವರ್ಷ ಏನೂ ಗೊತ್ತಿಲ್ಲದೇನೇ ಕೆಲಸ ಮಾಡ್ತಿದ್ರಾ?”

ವಾಲ್ವಣ್ಣ ಮೊಬೈಲು ಇಸಿದುಕೊಂಡು ತಾನೂ ಒಮ್ಮೆ ನೋಡಿದ.

“ಹಾಗೇ ಕಾಣುತ್ತೆ ಕಣೇ,” ಎಂದ. “ಸದ್ಯ, ಯಾರಿಗೂ ಗೊತ್ತಾಗ್ಲಿಲ್ಲ.”